ಕರಣಿಕನ ಲೇಖನಿ

ನಮ್ಮ ಭಾಷೆಯಲ್ಲಿ ಅಕ್ಷರವನ್ನು ಬರೆಯುವುದುಂಟು, ಲೆಕ್ಕವನ್ನು ಬರೆಯುವುದುಂಟು, ಚಿತ್ರವನ್ನೂ ಬರೆಯುವುದುಂಟು. ಮೂರು ಕೆಲಸಕ್ಕೂ ಕ್ರಿಯಾಪದ ಒಂದೇ. ಇದು ಭಾಷೆಯ ಬಡತನವೆಂದು ಕೆಲವರು ಎಣಿಸಬಹುದು. ಆದರೆ ಮೂರರಲ್ಲಿಯೂ ಕೈ ಮಾಡುವ ಕೆಲಸ ಒಂದೇ ಎಂಬುದನ್ನು ನಮ್ಮ ಹಿರಿಯರು ಕಂಡುಕೊಂಡಿದ್ದರೆಂದು ನನಗೆ ತೋರುತ್ತದೆ: ಬರಿದಾದ ಒಂದು ಹಾಳೆ, ಅದರ ಮೇಲೆ ಕಪ್ಪಾದ ಒಂದು ಗೆರೆ. ಆ ಗೆರೆಯು ಅಂಕಿಯಾಗುವುದೋ ಆಳಾಗುವುದೋ ಎಂಬುದು ಬರೆಯುವವನ ಮನಸ್ಸಿಗೆ ಸೇರಿದ ವಿಷಯ. ಯಮಧರ್ಮನ ಓಲಗದಲ್ಲಿ ಮನುಷ್ಯರ ಪಾಪಪುಣ್ಯಗಳ ಲೆಕ್ಕವಿಡುವ ಕರಣಿಕನಿಗೆ ನಮ್ಮ ಪುರಾಣಗಳು ಚಿತ್ರಗುಪ್ತನೆಂದು ಹೆಸರಿಟ್ಟಿವೆ. ಲೆಕ್ಕದವನ ಹೆಸರಿನಲ್ಲಿ ಚಿತ್ರವೇಕೆ ಬಂದಿತೆಂದು ಹಲವು ಸಲ ಯೋಚಿಸಿದ್ದುಂಟು. ಹಾಲೆಂಡಿನ ಹಳೆಯ ಬಂದರು ಚಿತ್ರಗಳ ಪ್ರತಿಕೃತಿಗಳನ್ನು ಮುಂದಿಟ್ಟುಕೊಂಡು ಕುಳಿತಾಗ ಆ ಯೋಚನೆಯು ಮತ್ತೆ ತಲೆಯೆತ್ತಿತು.

ವಾಚಕರಲ್ಲಿ ಹಲವರು ಇಂತಹ ಚಿತ್ರಗಳನ್ನು ಪುಸ್ತಕಗಳಲ್ಲಿ ನೋಡಿರಬಹುದು. ಹದಿನೇಳನೆಯ ಶತಮಾನದ ಡಚ್ಚು ಕಲಾವಿದರು ಎಣ್ಣೆಬಣ್ಣದ ದೊಡ್ಡ ಪಟಗಳ ಜೊತೆಗೆ ಮಸಿಯ ಚಿಕ್ಕ ಚಿತ್ರಗಳನ್ನೂ ಹೇರಳವಾಗಿ ಬರೆದರು. ಹೆಬ್ಬಾತಿನ ಗರಿಯನ್ನು ಕೊರೆದು ಮಾಡಿದ ಲೇಖನಿಯಿಂದ ಗೆರೆ. ಆಮೇಲೆ ಮಸಿಯನ್ನು ನೀರಿನಲ್ಲಿ ತೆಳುಮಾಡಿ ಕುಂಚದಿಂದ ಹರಡಿದ ನೆರಳು. ಬಣ್ಣವೆಂಬುದಿಲ್ಲ. ಹಾಳೆಯ ಅರ್ಧಕ್ಕಿಂತ ಮಿಗಿಲಾದ ಭಾಗ ಆಕಾಶ. ಅದರ ಕೆಳಗೆ ತಗ್ಗಾದ ದಿಗಂತ. ಅಲ್ಲಿ ಊರಿನ ಗೋಪುರಗಳು ಮಸುಕಾಗಿ ನಿಂತಿವೆ, ಹಡಗುಗಳ ಕೂವೆಮರಗಳು ಕಾಡಿನಂತೆ ಒತ್ತಾಗಿವೆ. ಮುಂಗಡೆಯಲ್ಲಿ ಒಂದು ದೋಣಿ, ಹುಟ್ಟು ಹಾಕುವ ಇಬ್ಬರು, ಹಗ್ಗ ಸೆಳೆಯುವ ಒಬ್ಬ, ಪೀಪಾಯಿ ಉರುಳಿಸುವ ಇನ್ನೊಬ್ಬ. ಮೋಡದ ಅಂಚಿನ ಬೆಳಕಾಗಲಿ ಅಲೆಯ ಮೇಲಣ ಹೊಳಪಾಗಲಿ ಸಾಮಾನ್ಯವಾಗಿ ಬಿಳಿಯ ಬಣ್ಣದಿಂದ ಆದುದಲ್ಲ. ಅಲ್ಲಿ ಕಲಾವಿದನು ಏನನ್ನೂ ಬರೆಯದೆ ಕಾಗದವನ್ನು ಹಾಗೆಯೇ ಬಿಟ್ಟಿದ್ದಾನೆ. ಈ ವಿದ್ಯೆಯಲ್ಲಿ ಎಲ್ಲಿ ಬರೆಯಬೇಕೆಂಬುದನ್ನು ಅರಿಯುವುದೆಷ್ಟೋ ಎಲ್ಲಿ ಬರೆಯಬಾರದೆಂಬುದನ್ನು ಅರಿಯುವುದೂ ಅಷ್ಟೇ ಮುಖ್ಯ.

ಇಂತಹ ಚಿತ್ರಗಳನ್ನು ಬರೆದವರಲ್ಲಿ ಲುಡಾಲ್ಫ್ ಬಾಕ್‌ಹೌಸೆನ್ ಎಂಬಾತನ ಕಥೆ ನಮ್ಮ ವಿಷಯಕ್ಕೆ ಹತ್ತಿರವಾದುದು. ಆತನು ೧೬೩೦ರ ಕೊನೆಯಲ್ಲಿ ಜರ್ಮನ್ ನಾಡಿನ ಎಮ್‌ಡೆನ್ ಎಂಬ ರೇವುಪಟ್ಟಣದಲ್ಲಿ ಹುಟ್ಟಿದನು. ೧೬೫೦ರ ಸುಮಾರಿಗೆ ಆಮ್‌ಸ್ಟರ್‌ಡ್ಯಾಮಿಗೆ ಬಂದು ಬಾರ್ಟೊಲೊಟ್ಟಿ ಮನೆತನದ ವರ್ತಕರ ಕೋಠಿಯಲ್ಲಿ ಗುಮಾಸ್ತನಾದನು. ಅಂದವಾದ ಬರಹ, ತಪ್ಪಿಲ್ಲದ ಲೆಕ್ಕ, ಇವೆರಡೇ ಅವನ ಬಂಡವಾಳ. ರೇವಿನ ಹಡಗುಗಳನ್ನು ಲೇಖನಿಯಿಂದ ಕಾಗದದ ಮೇಲೆ ಬರೆಯುವ ಅಭ್ಯಾಸ ಅವನಿಗೆ ಹತ್ತಿತು. ಬಂದ ವರ್ತಕರು ಅವುಗಳನ್ನು ಕಂಡು ಮೆಚ್ಚಿದರು, ಕೊಂಡರು. ಎಣ್ಣೆಬಣ್ಣದ ಕೆಲಸವನ್ನು ಆತನು ಕಲಿತದ್ದು ಆಮೇಲೆ. ಕಾಲಕ್ರಮದಲ್ಲಿ ಆ ಗುಮಾಸ್ತನು ಸಮುದ್ರಚಿತ್ರಕಾರರಲ್ಲಿ ಅಗ್ರಗಣ್ಯನೆನಿಸಿಕೊಂಡನು. ೧೬೬೫ರಲ್ಲಿ ಆಮ್‌ಸ್ಟರ್‌ಡ್ಯಾಮಿನ ಪುರಪ್ರಮುಖರು ತಮ್ಮ ಬಂದರಿನ ಒಂದು ದೊಡ್ಡ ಪಟವನ್ನು ಅವನಿಂದ ಬರೆಯಿಸಿ ಫ್ರಾನ್ಸಿನ ಹದಿನಾಲ್ಕನೆಯ ಲೂಯಿ ದೊರೆಯ ಮಂತ್ರಿಗೆ ಕಾಣಿಕೆಯಾಗಿ ಕಳುಹಿದರು. ಎಪ್ಪತ್ತು ವರ್ಷ ತುಂಬಿದ ಮೇಲೂ, ೧೭೦೧ರಲ್ಲಿ, ತನ್ನ ಊರಿನ ನೀರು ಹಡಗುಗಳ ಚಿತ್ರಗಳನ್ನು ತಾಮ್ರದ ತಗಡಿನಲ್ಲಿ ಕೊರೆದು ಪ್ರಕಟಿಸಿದನು. ೧೭೦೮ರಲ್ಲಿ ಕಾಲವಾದನು.

ಆತನ ಚರಿತ್ರೆಯನ್ನು ಬರೆದ ಹೌಬ್ರಾಕೆನ್ ಎರಡು ಸಂಗತಿಗಳನ್ನು ಹೇಳಿದ್ದಾನೆ. ಬಿರುಗಾಳಿ ಎದ್ದಾಗ ಬಾಕ್‌ಹೌಸೆನ್ನನು ದೋಣಿಯವರನ್ನು ಒಪ್ಪಿಸಿ ಕಡಲ ಬಾಯಿಗೆ ಹೋಗಿ ಅಲೆಗಳ ರೂಪವನ್ನು ಕಣ್ಣಾರೆ ನೋಡಿ ಬರುತ್ತಿದ್ದನಂತೆ. ಇದು ಚಿತ್ರಕಾರನ ಲಕ್ಷಣ. ಸಾಯುವ ಮುನ್ನ, ತಾನು ಬಾಳಿದ ವರ್ಷಗಳೆಷ್ಟೋ ಅಷ್ಟು ನಾಣ್ಯಗಳನ್ನು ಎಣಿಸಿ ಚೀಲದಲ್ಲಿ ಕಟ್ಟಿ, ತನ್ನ ಶವಸಂಸ್ಕಾರಕ್ಕೆ ಬರುವ ಗೆಳೆಯರ ಪಾನಗೋಷ್ಠಿಗಾಗಿ ಇಟ್ಟಿದ್ದನಂತೆ. ಇದು ಗುಮಾಸ್ತನ ಲಕ್ಷಣ. ಒಬ್ಬನೇ ಮನುಷ್ಯನಲ್ಲಿ ನೋಡುವವನೂ ಎಣಿಸುವವನೂ ಕೊನೆಯವರೆಗೆ ಕೂಡಿ ಬಾಳಿದರು.

ಈ ಇಬ್ಬರಿಗೂ ವ್ಯತ್ಯಾಸವೇನು? ಇದೇ ನಮ್ಮ ಪ್ರಶ್ನೆ.

ಮೇಲುನೋಟಕ್ಕೆ ಉತ್ತರ ಸುಲಭವಾಗಿದೆ. ಆಮ್‌ಸ್ಟರ್‌ಡ್ಯಾಮ್ ತೆರೆದ ಕಡಲಿನ ಮೇಲಣ ಊರಲ್ಲ. ಊರ ಮುಂದಣ ‘ಐ’ ಎಂಬ ಕೊಲ್ಲಿಗೆ ಬರಬೇಕಾದರೆ ಪಾಂಪುಸ್ ಎಂಬ ಆಳವಿಲ್ಲದ ದಿಣ್ಣೆಯನ್ನು ದಾಟಬೇಕು. ತುಂಬಿದ ದೊಡ್ಡ ಹಡಗುಗಳಿಗೆ ಇದು ಅಸಾಧ್ಯವಾಗಿದ್ದಿತು. ಪೂರ್ವದೇಶಗಳಿಂದ ಬಂದ ಹಡಗುಗಳು ದೂರದ ಟೆಕ್ಸೆಲ್ ದ್ವೀಪದ ಮರೆಯಲ್ಲಿಯೇ ಲಂಗರು ಹಾಕುತ್ತಿದ್ದುವು. ಸರಕು ಚಿಕ್ಕ ದೋಣಿಗಳಲ್ಲಿ ಊರಿಗೆ ಬರುತ್ತಿದ್ದಿತು. ಊರಿನಲ್ಲಿ ಧಾನ್ಯ ಹೊರುವವರ ಕೂಟವೇ ಬೇರೆ, ಉರುವಲು ಹೊರುವವರ ಕೂಟವೇ ಬೇರೆ, ತೂಕದ ಮನೆಯ ಹೊರೆಯಾಳುಗಳೇ ಬೇರೆ. ಆದುದರಿಂದ ಚಿತ್ರದ ಮುಂಗಡೆಯ ಆ ದೋಣಿಗಳೂ ಬಾಗಿದ ಆಳುಗಳೂ ಅಲಂಕಾರಕ್ಕೆಂದು ಇಟ್ಟ ಗೊಂಬೆಗಳಲ್ಲ. ಆ ಊರಿನ ಸಿರಿಯೆಲ್ಲವೂ ಅವರ ಬೆನ್ನಿನ ಮೇಲೆಯೇ ನಡೆದುಬಂದಿತು. ಕೋಠಿಯ ಪುಸ್ತಕದಲ್ಲಿ ಅಂಥವನೊಬ್ಬನು ಇಷ್ಟು ಹೊರೆಗೆ ಇಷ್ಟು ಕೂಲಿ ಎಂಬ ಒಂದು ಅಂಕಿ. ಚಿತ್ರದಲ್ಲಿಯಾದರೋ ಅವನಿಗೊಂದು ಬೆನ್ನುಂಟು, ಊರಿದ ಕಾಲುಂಟು, ಹೊರೆಯು ವಾಲಿದ ಕಡೆಗೆ ವಾಲಿದ ಕತ್ತುಂಟು. ಎಣಿಸುವವನು ಮನುಷ್ಯನನ್ನು ಕಳೆದನು, ನೋಡುವವನು ಉಳಿಸಿದನು ಎಂದು ತೀರ್ಮಾನಿಸಿ ಕಲೆಗೆ ಜಯಕಾರ ಹೇಳಿಬಿಡಬಹುದು.

ಆದರೆ ಈ ತೀರ್ಮಾನ ಬಹು ಬೇಗನೆ ಬಂದುದು. ಆ ಆಳಿನ ಮುಖವನ್ನು ಹುಡುಕಿ ನೋಡಿರಿ: ಮುಖವಿಲ್ಲ. ಎರಡು ಗೆರೆ, ಒಂದು ಚುಕ್ಕೆ, ಅಷ್ಟೇ. ಹಡಗಿನ ಹಗ್ಗವೊಂದೊಂದನ್ನೂ ಹೆಸರು ಹಿಡಿದು ಕರೆಯುವಷ್ಟು ಕರಾರುವಾಕ್ಕಾಗಿ ಬರೆದ ಕೈ ಮನುಷ್ಯನನ್ನು ಎರಡು ಗೆರೆಗಳಲ್ಲಿ ಮುಗಿಸಿತು. ಏಕೆಂದರೆ ಕೊಳ್ಳುವವನು ಹಡಗಿನ ಒಡೆಯ. ಹಗ್ಗ ತಪ್ಪಿದರೆ ಅವನಿಗೆ ತಿಳಿಯುವುದು, ಆಳಿನ ಮುಖ ತಪ್ಪಿದರೆ ತಿಳಿಯದು. ಫ್ರಾನ್ಸಿನ ಮಂತ್ರಿಗೆ ಹೋದ ಪಟವು ‘ನೋಡು, ನಮ್ಮ ಊರು ಇಷ್ಟು ದೊಡ್ಡದು’ ಎಂಬ ಒಂದು ಬಗೆಯ ಲೆಕ್ಕಪತ್ರವಲ್ಲದೆ ಮತ್ತೇನು? ಇದೇ ಕಾಲದ ಇನ್ನೊಬ್ಬ ಮಹಾಶಿಲ್ಪಿ, ಹಿರಿಯ ವಿಲೆಮ್ ವಾನ್ ಡೆ ವೆಲ್ಡೆ, ಡಚ್ಚರ ನೌಕಾಪಡೆಯೊಡನೆ ಚಿಕ್ಕ ಹಡಗಿನಲ್ಲಿ ಹೋಗಿ ಯುದ್ಧದ ನಡುವೆಯೇ ಕುಳಿತು ಕದನದ ಚಿತ್ರಗಳನ್ನು ಬರೆದವನು. ೧೬೭೨-೭೩ರ ಚಳಿಗಾಲದಲ್ಲಿ, ಎರಡು ದೇಶಗಳಿಗೂ ಕದನ ನಡೆಯುತ್ತಿರುವಾಗಲೇ, ತಂದೆಮಗ ಇಬ್ಬರೂ ಇಂಗ್ಲೆಂಡಿಗೆ ಹೋದರು. ೧೬೭೪ರಿಂದ ಎರಡನೆಯ ಚಾರ್ಲ್ಸ್ ದೊರೆ ಒಬ್ಬೊಬ್ಬರಿಗೂ ವರ್ಷಕ್ಕೆ ೧೦೦ ಪೌಂಡು ಸಂಬಳ ಕೊಟ್ಟನು: ತಂದೆಗೆ ಕದನದ ರೇಖೆ ಬರೆದುದಕ್ಕೆ, ಮಗನಿಗೆ ಆ ರೇಖೆಗೆ ಬಣ್ಣ ತುಂಬಿದುದಕ್ಕೆ. ಕರಣಿಕನ ಲೇಖನಿಯಂತೆಯೇ ಚಿತ್ರಕಾರನ ಲೇಖನಿಯೂ ಸಂಬಳ ಕೊಟ್ಟವನ ಕಡೆಗೆ ತಿರುಗಬಲ್ಲದು.

ಇನ್ನು ಚಿತ್ರದಲ್ಲಿ ಇಲ್ಲದುದನ್ನು ನೆನೆಯಬೇಕು. ೧೬೦೨ರಲ್ಲಿ ಹುಟ್ಟಿ ೧೭೯೯ರಲ್ಲಿ ಅಳಿದ ಡಚ್ಚು ಪೂರ್ವ ಇಂಡಿಯಾ ಕಂಪನಿಯ ಹಡಗುಗಳಲ್ಲಿ ಯೂರೋಪಿನಿಂದ ಏಷ್ಯಕ್ಕೆ ಹೊರಟವರು ಹೆಚ್ಚುಕಡಿಮೆ ಹತ್ತು ಲಕ್ಷ ಜನ. ಹಿಂದಿರುಗಿದವರು ಮೂರರಲ್ಲಿ ಒಂದು ಪಾಲಿಗಿಂತ ಸ್ವಲ್ಪ ಹೆಚ್ಚು, ಅಷ್ಟೇ. ಆಮ್‌ಸ್ಟರ್‌ಡ್ಯಾಮಿನ ಕೆಲವು ವಸತಿಗೃಹಗಳ ಒಡೆಯರು ನಿರ್ಗತಿಕರಾದ ಪರಸ್ಥಳದವರಿಗೆ ಅನ್ನ ಬಟ್ಟೆ ಕೊಟ್ಟು, ಹಡಗಿಗೆ ಸೇರಿಸಿ, ಅವರ ಮುಂದಿನ ಸಂಬಳದ ಮೇಲೆ ಸಾಲಪತ್ರ ಬರೆಯಿಸಿಕೊಂಡು, ಆ ಪತ್ರವನ್ನು ಪೇಟೆಯಲ್ಲಿ ಮಾರಿಕೊಳ್ಳುತ್ತಿದ್ದರು. ಜನರು ಅವರನ್ನು ‘ಆತ್ಮ ಮಾರುವವರು’ ಎಂದು ಕರೆದರು; ಡಚ್ಚು ನುಡಿಯಲ್ಲಿ ಚೀಟಿಗೂ ಆತ್ಮಕ್ಕೂ ಇರುವ ಶಬ್ದಗಳು ಕಿವಿಗೆ ಒಂದೇ ಸಮನಾಗಿರುವುದರಿಂದ ಹುಟ್ಟಿದ ಕಹಿಯಾದ ಶ್ಲೇಷೆ ಅದು. ಕೂವೆಮರಗಳ ಆ ಅಂದವಾದ ಕಾಡಿನಡಿಯಲ್ಲಿ ಅಂತಹ ಚೀಟಿಗಳೆಷ್ಟೋ ಕೈಯಿಂದ ಕೈಗೆ ಹೋಗುತ್ತಿದ್ದುವು.

ಇದು ಕಡಲಿನ ಈ ದಡದ ಮಾತು. ಆ ದಡದಲ್ಲಿ ಆದುದು ಇನ್ನೂ ಘೋರ. ಜಾಯಿಕಾಯಿಯ ವ್ಯಾಪಾರವನ್ನು ಪೂರ್ತಿಯಾಗಿ ಕೈವಶ ಮಾಡಿಕೊಳ್ಳುವುದಕ್ಕಾಗಿ ೧೬೨೧ರಲ್ಲಿ ಕಂಪನಿಯ ಅಧಿಕಾರಿ ಕೂನ್ ಎಂಬವನು ಬಾಂದಾ ದ್ವೀಪಗಳ ಮೇಲೆ ದಂಡೆತ್ತಿ ಹೋದನು. ಸುಮಾರು ೧೫,೦೦೦ ಎಂದು ಅಂದಾಜು ಮಾಡಿರುವ ಅಲ್ಲಿಯ ಜನರಲ್ಲಿ ಬಹುಪಾಲು ಮಂದಿ ಕತ್ತಿಗೋ ಹಸಿವಿಗೋ ದಾಸ್ಯಕ್ಕೋ ತುತ್ತಾದರು, ಅಥವಾ ಊರು ಬಿಟ್ಟು ಓಡಿದರು. ಅಟ್ಲಾಂಟಿಕ್ ಸಾಗರದಲ್ಲಿ ಡಚ್ಚು ಹಡಗುಗಳು ಐದು ಲಕ್ಷಕ್ಕೂ ಹೆಚ್ಚು ಆಫ್ರಿಕನರನ್ನು ಸೆರೆಯಾಳುಗಳಾಗಿ ಒಯ್ದುವು. ಸುರಿನಾಮಿನಲ್ಲಿ ಆ ದಾಸ್ಯವನ್ನು ಕಾನೂನು ರದ್ದುಗೊಳಿಸಿದುದು ೧೮೬೩ರಲ್ಲಿ. ನಮ್ಮ ಕರಾವಳಿಯೂ ಈ ಲೆಕ್ಕದ ಹೊರಗಿಲ್ಲ. ಹದಿನೇಳನೆಯ ಶತಮಾನದ ಉತ್ತರಾರ್ಧದಲ್ಲಿ, ಕೆಳದಿಯ ಅರಸರ ಆಳಿಕೆಯಲ್ಲಿ, ಬಸರೂರಿನಲ್ಲಿ ಡಚ್ಚರ ಕೋಠಿ ಇದ್ದಿತು. ಅಕ್ಕಿ ಮೆಣಸುಗಳ ವ್ಯಾಪಾರ ನಡೆಯುತ್ತಿದ್ದಿತು. ಇಲ್ಲಿ ನಡೆದುದು ಬಾಂದಾದ ಕ್ರೌರ್ಯವಲ್ಲ, ಕೊಳುಕೊಡೆ. ಆದರೂ ಹೊಳೆಯ ದಡದಲ್ಲಿ ಅಕ್ಕಿಯ ಮುಡಿಯನ್ನು ತಲೆಯ ಮೇಲೆ ಹೊತ್ತು ದೋಣಿಗೆ ಇಳಿಸಿದವನು ಆಮ್‌ಸ್ಟರ್‌ಡ್ಯಾಮಿನ ಚಿತ್ರದ ಹೊರೆಯಾಳಿಗೆ ದೂರದ ನಂಟನೇ ಸರಿ. ಅವನು ಆ ಹಾಳೆಯ ಅಂಚಿನಾಚೆ ನಿಂತಿದ್ದಾನೆ.

ಇಷ್ಟನ್ನು ತಿಳಿದ ಮೇಲೆ ಆ ಚಿತ್ರವನ್ನು ಸಂತೋಷದಿಂದ ನೋಡುವುದು ಧರ್ಮವೇ? ಎರಡು ಉತ್ತರಗಳು ಕೈಗೆಟಕುವಷ್ಟು ಹತ್ತಿರದಲ್ಲಿವೆ. ಕಲೆಯ ಕ್ಷೇತ್ರ ಬೇರೆ, ನೀತಿಯ ಕ್ಷೇತ್ರ ಬೇರೆ. ಗೆರೆಯ ಸೊಗಸನ್ನು ಸವಿದು ಎದ್ದುಹೋಗು ಎಂಬುದೊಂದು. ಪಾಪದ ದ್ರವ್ಯದಿಂದ ಬೆಳೆದ ಸೊಗಸು ಪಾಪವೇ. ಚಿತ್ರವನ್ನು ಗೋಡೆಗೆ ಮುಖಮಾಡಿ ತಿರುಗಿಸಿಡು ಎಂಬುದು ಇನ್ನೊಂದು. ಒಂದಕ್ಕೊಂದು ವಿರುದ್ಧವಾಗಿ ಕಂಡರೂ ಇವೆರಡರ ಫಲ ಒಂದೇ: ಎರಡೂ ನಮ್ಮನ್ನು ನೋಡುವ ಶ್ರಮದಿಂದ ಪಾರುಮಾಡುತ್ತವೆ. ಮೊದಲನೆಯವನು ಗೆರೆಯನ್ನು ನೋಡಿದನು, ಆಳನ್ನು ನೋಡಲಿಲ್ಲ. ಎರಡನೆಯವನು ಪಾಪವನ್ನು ಕಂಡನು, ಆಳನ್ನು ಅವನೂ ನೋಡಲಿಲ್ಲ. ಹೊರೆಯಾಳು ಹಿಂದೆ ವರ್ತಕನಿಗೆ ಅಂಕಿಯಾಗಿದ್ದವನು, ಈಗ ಒಬ್ಬನಿಗೆ ಸೊಗಸಾದನು, ಇನ್ನೊಬ್ಬನಿಗೆ ದೃಷ್ಟಾಂತವಾದನು.

ನನಗೆ ತೋರುವ ಮಾತು ಬೇರೆ. ಲೆಕ್ಕಕ್ಕೂ ಚಿತ್ರಕ್ಕೂ ಇರುವ ನಿಜವಾದ ಅಂತರ ಒಂದರಲ್ಲಿ ಕಾರುಣ್ಯವಿದೆ, ಇನ್ನೊಂದರಲ್ಲಿ ಇಲ್ಲ ಎಂಬುದಲ್ಲ. ಬಾಕ್‌ಹೌಸೆನ್ನನು ಆ ಆಳಿನ ವಿಷಯದಲ್ಲಿ ಕರುಣಾಳುವಾಗಿದ್ದನೆಂದು ನಂಬಲು ಆಧಾರವಿಲ್ಲ. ಅಂತರವಿರುವುದು ಮುಗಿಸುವುದರಲ್ಲಿ. ಲೆಕ್ಕದ ಧರ್ಮ ಮುಗಿಯುವುದು: ಜಮೆ, ಖರ್ಚು, ಬಾಕಿ, ಕೆಳಗೆ ಎರಡು ಗೆರೆ. ಕೂಲಿ ಕೊಟ್ಟಾಯಿತು, ಅವನಿಗೂ ನಮಗೂ ಚುಕ್ತಾ. ಚಿತ್ರಕ್ಕೆ ಆ ಕೊನೆಯ ಗೆರೆ ಇಲ್ಲ. ಮುನ್ನೂರು ವರ್ಷಗಳ ಹಿಂದೆ ಹೊರೆ ಎತ್ತಿದ ಆ ಮನುಷ್ಯ ಇಂದಿಗೂ ಅದನ್ನು ಇಳಿಸಿಲ್ಲ. ಅವನಿಗೆ ಸಲ್ಲಬೇಕಾದುದು ಸಂದಿತೆಂದು ಚಿತ್ರವು ಎಲ್ಲಿಯೂ ಹೇಳುವುದಿಲ್ಲ. ಅವನನ್ನು ಎರಡೇ ಗೆರೆಗಳಲ್ಲಿ ಬರೆದ ಕೈಯ ಔದಾಸೀನ್ಯವೂ ಅಲ್ಲಿಯೇ ದಾಖಲಾಗಿದೆ. ಕಂಡುದನ್ನು ಕಂಡಂತೆ ಬರೆದ ಚಿತ್ರವು ತನ್ನನ್ನು ಕೊಂಡವನ ವಿರುದ್ಧವೂ, ತನ್ನನ್ನು ಬರೆದವನ ವಿರುದ್ಧವೂ ಒಂದು ದಿನ ಸಾಕ್ಷಿ ಹೇಳಬಲ್ಲದು.

ಇಲ್ಲಿ ಒಂದು ಆಕ್ಷೇಪಣೆಯನ್ನು ನಾನೇ ಎತ್ತಬೇಕಾಗಿದೆ. ಮೇಲೆ ಹೇಳಿದ ಹತ್ತು ಲಕ್ಷದ ಅಂಕಿ ನಮಗೆ ದೊರೆತುದು ಎಲ್ಲಿಂದ? ಲೆಕ್ಕದ ಪುಸ್ತಕಗಳಿಂದಲೇ. ಹಡಗು ಹಡಗಿಗೂ ಇಟ್ಟಿದ್ದ ಸಂಬಳದ ಖಾತೆಗಳು ಹೇಗ್ ನಗರದ ರಾಷ್ಟ್ರೀಯ ದಫ್ತರಖಾನೆಯಲ್ಲಿ ಇಂದಿಗೂ ಇವೆ. ಅವುಗಳಲ್ಲಿ ನಾವಿಕನ ಹೆಸರು, ಹುಟ್ಟಿದ ಊರು, ಮಾಡಿದ ಸಾಲ, ಸತ್ತ ದಿನ ಎಲ್ಲವೂ ಬರೆದಿವೆ. ಕಂಪನಿಯ ಈ ಕಾಗದಪತ್ರಗಳನ್ನು ಯುನೆಸ್ಕೋ ಸಂಸ್ಥೆಯು ೨೦೦೩ರಲ್ಲಿ ಜಗತ್ತಿನ ಸ್ಮೃತಿಯ ಪಟ್ಟಿಗೆ ಸೇರಿಸಿತು. ಚಿತ್ರವು ಮುಖ ಕೊಡದೆ ಬಿಟ್ಟವನಿಗೆ ಕರಣಿಕನು ಹೆಸರು ಕೊಟ್ಟಿದ್ದಾನೆ! ಹೀಗಿರುವಾಗ ಎಣಿಸುವವನೇ ಹೆಚ್ಚು ನ್ಯಾಯವಂತನಲ್ಲವೆ?

ಈ ಆಕ್ಷೇಪಣೆಗೆ ನಾನು ತಲೆಬಾಗುತ್ತೇನೆ. ಇದರಿಂದ ನನ್ನ ಮಾತು ತಿದ್ದಿತೇ ಹೊರತು ಬಿದ್ದುಹೋಗಲಿಲ್ಲ. ಆ ಖಾತೆಗಳು ಸಾಕ್ಷಿಯಾದುದು ಯಾವಾಗ? ಮುಗಿದುವೆಂದು ಕಟ್ಟಿಟ್ಟ ಪುಸ್ತಕಗಳನ್ನು ಹಿಂದಿನವರು ಸುಡದೆ ಉಳಿಸಿ, ಇಂದಿನವರು ಮತ್ತೆ ಬಿಚ್ಚಿ, ಅಂಕಿಯ ಹಿಂದಿರುವ ಆಳನ್ನು ಹುಡುಕಿದಾಗ. ಅಂದರೆ, ಲೆಕ್ಕವನ್ನು ಚಿತ್ರವನ್ನು ನೋಡುವಂತೆ ನೋಡಿದಾಗ. ಪಾಪವು ಎಣಿಸುವುದರಲ್ಲಿಲ್ಲ, ಎಣಿಸಿ, ಕೆಳಗೆ ಎರಡು ಗೆರೆಯೆಳೆದು, ಇನ್ನು ನೋಡಬೇಕಾದುದಿಲ್ಲವೆಂದು ಏಳುವುದರಲ್ಲಿದೆ. ಪುಣ್ಯವೂ ಬರಿಯ ನೋಟದಲ್ಲಿಲ್ಲ. ನೋಟ ಮುಗಿಯಿತೆಂದು ಹೇಳದೆ ಇರುವುದರಲ್ಲಿದೆ. ದಾಸರ ವ್ಯಾಪಾರದಲ್ಲಿ ತಮ್ಮ ಊರಿನ ಪಾಲಿಗಾಗಿ ಆಮ್‌ಸ್ಟರ್‌ಡ್ಯಾಮಿನ ಮೇಯರರು ೨೦೨೧ರಲ್ಲಿಯೂ, ತಮ್ಮ ದೇಶದ ಪಾಲಿಗಾಗಿ ಡಚ್ಚು ದೊರೆ ೨೦೨೩ರಲ್ಲಿಯೂ ಬಹಿರಂಗವಾಗಿ ಕ್ಷಮೆ ಕೇಳಿದರು. ಹಳೆಯ ಪುಸ್ತಕವೊಂದು ಮತ್ತೆ ಬಿಚ್ಚಲ್ಪಟ್ಟಿತೆಂಬುದೇ ಇದರ ಅರ್ಥ. ಚಿತ್ರಗುಪ್ತನ ಹೆಸರಿನ ಗುಟ್ಟೂ ಇದೇ ಇರಬಹುದೆಂದು ನನ್ನ ಊಹೆ: ಒಳ್ಳೆಯ ಕರಣಿಕನ ಪ್ರತಿಯೊಂದು ಅಂಕಿಯಲ್ಲಿಯೂ ಒಂದು ಚಿತ್ರ ಗುಪ್ತವಾಗಿರುತ್ತದೆ.

ಮಸಿಯ ವಿಷಯವಾಗಿ ಒಂದು ಮಾತು. ಆ ಕಾಲದ ಯೂರೋಪಿನ ಕಚೇರಿಗಳಲ್ಲಿ ಬಳಸುತ್ತಿದ್ದ ಮಸಿಯನ್ನು ಮಾಚಿಕಾಯಿ, ಅನ್ನಭೇದಿ, ಗೋಂದುಗಳಿಂದ ಮಾಡುತ್ತಿದ್ದರು. ನಮ್ಮ ಹಿಂದಿನ ಶಾನುಭೋಗರು ಅಳಲೆಕಾಯಿಗೆ ಅನ್ನಭೇದಿ ಕೂಡಿಸಿ ಮಾಡಿಕೊಳ್ಳುತ್ತಿದ್ದ ಮಸಿಗೆ ಅದು ಸೋದರಿ. ಚಿತ್ರಕಾರರಲ್ಲಿ ಅನೇಕರು ಬರೆದುದೂ ಅದರಲ್ಲಿಯೇ. ಬರೆಯುವಾಗ ಅದು ತೆಳುವಾಗಿ ಕಂಡು, ಗಾಳಿ ಸೋಂಕಿದಂತೆ ಕಪ್ಪಾಗುವುದು. ಶತಮಾನಗಳು ಕಳೆದಂತೆ ಕಂದುಬಣ್ಣಕ್ಕೆ ತಿರುಗಿ, ಕೆಲವೆಡೆ ತನ್ನನ್ನು ಹೊತ್ತ ಕಾಗದವನ್ನೇ ತಿಂದು ತೂತುಮಾಡುವುದು. ಇಂತಹ ಹಾಳೆಗಳಿಗೆ ಬೆಳಕೂ ಶತ್ರು. ಆದುದರಿಂದ ವಸ್ತುಸಂಗ್ರಹಾಲಯಗಳು ಅವುಗಳನ್ನು ಕೆಲವು ತಿಂಗಳು ಮಾತ್ರ, ಅದೂ ಮಂದವಾದ ಬೆಳಕಿನಲ್ಲಿ, ಪ್ರದರ್ಶನಕ್ಕಿಟ್ಟು, ಆಮೇಲೆ ವರ್ಷಗಟ್ಟಲೆ ಕತ್ತಲೆಯ ಪೆಟ್ಟಿಗೆಯಲ್ಲಿಡುತ್ತವೆ. ನಾವು ನೋಡುವ ಪ್ರತಿಯೊಂದು ನೋಟವೂ ಆ ಚಿತ್ರದ ಆಯುಸ್ಸಿನಲ್ಲಿ ಒಂದು ಕಣವನ್ನು ತೆಗೆದುಕೊಳ್ಳುತ್ತದೆ. ನೋಡುವುದು ಪುಕ್ಕಟೆಯಾದ ಸುಖವಲ್ಲ, ಅದೊಂದು ಋಣ.

ಈ ಋಣವನ್ನು ತೀರಿಸುವ ಬಗೆ ಯಾವುದು? ಆಮ್‌ಸ್ಟರ್‌ಡ್ಯಾಮಿನ ಆ ಆಳಿಗೆ ನಾವು ಮಾಡಬಹುದಾದುದು ಏನೂ ಇಲ್ಲ. ಈ ಪ್ರಬಂಧವನ್ನು ಬರೆಯುತ್ತಿದ್ದಾಗ ನನ್ನ ಮನೆಯ ಹಳೆಯ ಖರ್ಚಿನ ಪುಸ್ತಕಗಳನ್ನು ಸುಮ್ಮನೆ ತೆಗೆದು ನೋಡಿದೆನು. ತಿಂಗಳು ತಿಂಗಳಿಗೂ ‘ಹಮಾಲಿ’ ಎಂದು ಬರೆದು ಅದರ ಮುಂದೆ ಹಣದ ಮೊತ್ತವನ್ನು ಹಾಕಿದ್ದೇನೆ. ಅಕ್ಷರ ಅಂದವಾಗಿಯೇ ಇದೆ. ಲೆಕ್ಕದಲ್ಲಿ ಒಂದು ಕಾಸೂ ತಪ್ಪಿಲ್ಲ. ಅಷ್ಟು ವರ್ಷ ಅಕ್ಕಿಯ ಮೂಟೆಯನ್ನು ಬೆನ್ನಿನ ಮೇಲೆ ಹೊತ್ತು ನಮ್ಮ ಹೊಸ್ತಿಲು ದಾಟಿಸಿದವರು ಯಾರೆಂದು ನೆನೆಯಲು ಹೋದರೆ ಒಬ್ಬನ ಹೆಸರೂ ನೆನಪಿಗೆ ಬರಲಿಲ್ಲ; ಒಬ್ಬನ ಮುಖವೂ ಕಾಣಲಿಲ್ಲ. ಬಾಗಿದ ಒಂದು ಬೆನ್ನು ಮಾತ್ರ ಕಂಡಿತು. ಬಾಕ್‌ಹೌಸೆನ್ನನು ಎರಡು ಗೆರೆಗಳಲ್ಲಿ ಬರೆದುದೂ ಅಷ್ಟನ್ನೇ.

ಅವನನ್ನು ದೂರುವ ಹಕ್ಕು ನನಗಿಲ್ಲವೆಂದು ಆಗ ತಿಳಿಯಿತು. ಪುಸ್ತಕವನ್ನು ಮುಚ್ಚಲಿಲ್ಲ. ಮುಂದಿನ ಸಲ ಮೂಟೆ ಬಂದಾಗ ಹೊತ್ತು ತಂದವನ ಹೆಸರು ಕೇಳಬೇಕೆಂದು ಆ ಪುಟದ ಅಂಚಿನಲ್ಲಿ ಬರೆದಿಟ್ಟಿದ್ದೇನೆ.